ಮಾತ್ರೆ ಅಗ್ಗ, ಅದನ್ನು ತರುವ ದಾರಿಯೇ ದುಬಾರಿ!

ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಫಿಟ್ಸ್ ಬಂದು ಬಿದ್ದರೆ ನಮ್ಮ ಜನ ಮೊದಲು ಹುಡುಕುವುದು ಕಬ್ಬಿಣವನ್ನು. ಒಬ್ಬರು ಬೀಗದ ಕೈ ಗೊಂಚಲು ತೆಗೆಯುತ್ತಾರೆ. ಇನ್ನೊಬ್ಬರು ಎಳನೀರು ಗಾಡಿಯ ಮಚ್ಚಿಗೇ ಕೈ ಹಾಕುತ್ತಾರೆ. ಮತ್ತೊಬ್ಬರು ಈರುಳ್ಳಿಯನ್ನೋ ಚಪ್ಪಲಿಯನ್ನೋ ಮೂಗಿಗೆ ಹಿಡಿಯುತ್ತಾರೆ. ಎರಡು ಮೂರು ನಿಮಿಷದಲ್ಲಿ ಒದ್ದಾಟ ನಿಲ್ಲುತ್ತದೆ. ಕಬ್ಬಿಣದಿಂದಲೇ ನಿಂತಿತು ಎಂದು ತೀರ್ಮಾನ ಮಾಡಿ ಎಲ್ಲರೂ ತಂತಮ್ಮ ಬಸ್ಸು ಹತ್ತುತ್ತಾರೆ. ನಿಜ ಏನೆಂದರೆ, ಕಬ್ಬಿಣ ಹಿಡಿಯಲಿ ಬಿಡಲಿ, ಬಹುಪಾಲು ಫಿಟ್ಸ್ ಅಷ್ಟು ಹೊತ್ತಿಗೆ ತಾನಾಗಿಯೇ ನಿಲ್ಲುತ್ತದೆ.

ಬಿದ್ದವನು ಎದ್ದು, ಅಂಗಿ ಕೊಡವಿಕೊಂಡು, ತಲೆ ತಗ್ಗಿಸಿ ಹೊರಟುಹೋಗುತ್ತಾನೆ. ಅವನ ನಿಜವಾದ ಕಷ್ಟ ಶುರುವಾಗುವುದು ಆಮೇಲೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ತಿಂಗಳ ಮಾತ್ರೆ ತೀರಿದೆ, ಮುಂದಿನದು ಎಲ್ಲಿಂದ? ಧಣಿಗೆ ಗೊತ್ತಾದರೆ ಕೆಲಸ ಉಳಿಯುತ್ತದೆಯೇ? ಬೀಗರಿಗೆ ತಿಳಿದರೆ ತಂಗಿಯ ಮದುವೆ ಮುರಿಯುತ್ತದೆಯೇ? ಈ ಅಂಕಣದಲ್ಲಿ ಚರಂಡಿ, ಬೀದಿದೀಪ, ಬಸ್ಸಿನ ವೇಳೆ ಕುರಿತು ಬರೆಯುವುದು ವಾಡಿಕೆ. ಇವತ್ತು ಒಂದು ಮಾತ್ರೆಯ ಬಗ್ಗೆ ಬರೆಯಬೇಕಾಗಿದೆ. ಇದೂ ಊರಿನ ವ್ಯವಹಾರವೇ.

ಎಷ್ಟು ಜನರ ಪ್ರಶ್ನೆ?

ಮೂರ್ಛೆರೋಗ, ಅಪಸ್ಮಾರ, ಫಿಟ್ಸ್ ಎಂದು ನಾನಾ ಹೆಸರಿನಿಂದ ಕರೆಸಿಕೊಳ್ಳುವ ಈ ಕಾಯಿಲೆ ಪ್ರಪಂಚದಲ್ಲಿ ಸುಮಾರು 5 ಕೋಟಿ ಜನಕ್ಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ನೂರಕ್ಕೆ ಎಂಬತ್ತರಷ್ಟು ಮಂದಿ ನಮ್ಮಂಥ ಬಡ ಹಾಗೂ ಮಧ್ಯಮ ದೇಶಗಳವರು.

ದೂರದ ಲೆಕ್ಕ ಬೇಡ, ನಮ್ಮ ಪಕ್ಕದ್ದೇ ನೋಡೋಣ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1990ರ ದಶಕದಲ್ಲಿ ಬೆಂಗಳೂರು ನಗರ ಮತ್ತು ಸುತ್ತಣ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದರು. ಪೇಟೆಯಲ್ಲಿ ಸಾವಿರಕ್ಕೆ ಆರು ಮಂದಿಗಿಂತ ಕಡಿಮೆ. ಹಳ್ಳಿಯಲ್ಲಿ ಸಾವಿರಕ್ಕೆ ಹನ್ನೆರಡರ ಹತ್ತಿರ. ಅಂದರೆ ಹಳ್ಳಿಗಾಡಿನಲ್ಲಿ ಎರಡು ಪಟ್ಟು.

ನಮ್ಮ ಜಿಲ್ಲೆಯ ಯಳಂದೂರು ತಾಲ್ಲೂಕಿನಲ್ಲೂ ಇಂಥದೇ ಎಣಿಕೆ ನಡೆದಿತ್ತು. ಆಗಿನ್ನೂ ನಾವು ಮೈಸೂರು ಜಿಲ್ಲೆಗೆ ಸೇರಿದ್ದೆವು; ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ಅಲ್ಲಿ ಸುಮಾರು 65 ಸಾವಿರ ಜನರನ್ನು ವಿಚಾರಿಸಿದಾಗ ಸಿಕ್ಕ ಲೆಕ್ಕ ಸಾವಿರಕ್ಕೆ ನಾಲ್ಕೂವರೆಯಷ್ಟು.

2011ರ ಗಣತಿಯ ಪ್ರಕಾರ ನಮ್ಮ ಜಿಲ್ಲೆಯ ಜನಸಂಖ್ಯೆ 10 ಲಕ್ಷ 20 ಸಾವಿರ. ಯಳಂದೂರಿನ ಕಡಿಮೆ ಲೆಕ್ಕ ಹಿಡಿದರೂ ಜಿಲ್ಲೆಯಲ್ಲಿ ನಾಲ್ಕೂವರೆ ಸಾವಿರ ಮಂದಿ ಆಗುತ್ತಾರೆ. ನಿಮ್ಹಾನ್ಸಿನ ಹಳ್ಳಿ ಲೆಕ್ಕ ಹಿಡಿದರೆ ಹನ್ನೆರಡು ಸಾವಿರ. ಬಸ್ಸಿನವರಿಗೆ ತಿಳಿಯುವ ಹಾಗೆ ಹೇಳುವುದಾದರೆ, ಐವತ್ತು ಸೀಟಿನ ಬಸ್ಸು ಎರಡರಿಂದ ನಾಲ್ಕು ತುಂಬಿ ಹೋದರೆ ಅದರಲ್ಲಿ ಒಬ್ಬರಿಗೆ ಈ ಕಾಯಿಲೆ. ನಿಮ್ಮ ಪಕ್ಕದ ಸೀಟಿನಲ್ಲೇ ಕೂತಿರಬಹುದು. ಹೇಳಿಕೊಂಡಿಲ್ಲ, ಅಷ್ಟೆ.

ಗಾಳಿಯೂ ಅಲ್ಲ, ಗ್ರಹವೂ ಅಲ್ಲ

ಇದು ಮೆದುಳಿನ ಕಾಯಿಲೆ. ಮೆದುಳು ಕೆಲಸ ಮಾಡುವುದು ಸಣ್ಣ ವಿದ್ಯುತ್ ಹರಿವಿನಿಂದ. ಅದು ಇದ್ದಕ್ಕಿದ್ದಂತೆ ಹದ ತಪ್ಪಿ ಒಟ್ಟಿಗೆ ನುಗ್ಗಿದಾಗ ಕೈಕಾಲು ಸೆಟೆಯುತ್ತದೆ, ಪ್ರಜ್ಞೆ ತಪ್ಪುತ್ತದೆ. ಕೆಲವರು ಬೀಳುವುದೂ ಇಲ್ಲ. ಮಾತಾಡುತ್ತಾ ಮಾತಾಡುತ್ತಾ ಅರೆಗಳಿಗೆ ಶೂನ್ಯ ನೋಡುತ್ತಾರೆ, ಅಷ್ಟೆ. ಸ್ಕೂಲಿನಲ್ಲಿ ಮೇಷ್ಟರು ‘ಹುಡುಗನಿಗೆ ಗಮನ ಇಲ್ಲ’ ಅಂತ ಬೆತ್ತ ಎತ್ತುತ್ತಾರೆ.

ಹೆರಿಗೆ ವೇಳೆ ಮಗುವಿಗೆ ಉಸಿರು ಕಟ್ಟಿದ್ದು, ಮೆದುಳು ಜ್ವರ, ಬೈಕಿನಿಂದ ಬಿದ್ದು ತಲೆಗಾದ ಏಟು, ಪಾರ್ಶ್ವವಾಯು ಇವೆಲ್ಲ ಕಾರಣವಾಗಬಹುದು. ಹಂದಿ ಲಾಡಿಹುಳದ ಮೊಟ್ಟೆ ಸರಿಯಾಗಿ ತೊಳೆಯದ ಸೊಪ್ಪು, ತರಕಾರಿ, ಕೊಳಕು ನೀರಿನ ಮೂಲಕ ಹೊಟ್ಟೆ ಸೇರಿ, ಮರಿ ಮೆದುಳಿನಲ್ಲಿ ಕೂತರೂ ಫಿಟ್ಸ್ ಬರುತ್ತದೆ. ಮಾಂಸ ಮುಟ್ಟದವರಿಗೂ ಇದು ತಪ್ಪಿದ್ದಲ್ಲ. ಎಷ್ಟೋ ಜನರಲ್ಲಿ ಕಾರಣವೇ ಪತ್ತೆಯಾಗುವುದಿಲ್ಲ. ಒಂದು ಮಾತು ಖಂಡಿತ: ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯಲ್ಲ. ಜೊಲ್ಲು ಮುಟ್ಟಿದರೆ ಬರುತ್ತದೆ, ತಟ್ಟೆ ಲೋಟ ಬೇರೆ ಇಡಬೇಕು ಎನ್ನುವುದೆಲ್ಲ ಶುದ್ಧ ಸುಳ್ಳು.

ನಮ್ಮ ಸೀಮೆಗೇ ವಿಶೇಷವಾದ ಒಂದು ಬಗೆಯೂ ಉಂಟು. ಹಳೇ ಮೈಸೂರು ಕಡೆ ಹಂಡೆಯಲ್ಲಿ ನೀರು ಕುದಿಯುವಷ್ಟು ಕಾಯಿಸಿ, ಚೊಂಬಿನ ಮೇಲೆ ಚೊಂಬು ನೆತ್ತಿಗೆ ಹೊಯ್ದುಕೊಂಡರೇ ಸ್ನಾನ ಮಾಡಿದ ಹಾಗೆ. ಕೆಲವರಿಗೆ, ಅದರಲ್ಲೂ ಮಕ್ಕಳಿಗೆ, ಹಾಗೆ ಹೊಯ್ಯುವಾಗಲೇ ಫಿಟ್ಸ್ ಬರುತ್ತದೆ. ವೈದ್ಯರು ಇದನ್ನು ಬಿಸಿನೀರಿನ ಅಪಸ್ಮಾರ ಎಂದೇ ಕರೆಯುತ್ತಾರೆ. ಬೇರೆ ದೇಶಗಳಲ್ಲಿ ಅಪರೂಪವಾದ ಇದು ನಮ್ಮಲ್ಲಿ ಸಾಕಷ್ಟಿದೆ. ಇದರ ಬಗ್ಗೆ ಹೆಚ್ಚಿನ ಅಧ್ಯಯನ ನಡೆದಿರುವುದೂ ಕರ್ನಾಟಕದಲ್ಲೇ. ಇದಕ್ಕೆ ಮೊದಲ ಚಿಕಿತ್ಸೆ ಪುಕ್ಕಟೆ: ನೀರು ಉಗುರುಬೆಚ್ಚಗಿರಲಿ, ನೆತ್ತಿಗೆ ಒಂದೇ ಸಮನೆ ಸುರಿಯಬೇಡಿ, ಬಚ್ಚಲಿಗೆ ಅಗಳಿ ಹಾಕಿಕೊಳ್ಳಬೇಡಿ. ಇಷ್ಟರಲ್ಲಿ ನಿಲ್ಲದವರಿಗೆ ಸ್ನಾನಕ್ಕೆ ಮುಂಚೆ ನುಂಗಲು ವೈದ್ಯರು ಮಾತ್ರೆ ಕೊಡುತ್ತಾರೆ. ಇಷ್ಟು ತಿಳಿಯದೆ ಮಗುವನ್ನು ಎತ್ತಿಕೊಂಡು ಊರೂರು ಅಲೆದವರು ಎಷ್ಟು ಜನವೋ!

ಮಾತ್ರೆಯ ಬೆಲೆ ಎಷ್ಟು?

ಈಗ ದುಡ್ಡಿನ ವಿಚಾರಕ್ಕೆ ಬರೋಣ. ಫಿನೋಬಾರ್ಬಿಟೋನ್ ಎನ್ನುವ ಮಾತ್ರೆ 1912ರಿಂದ ಬಳಕೆಯಲ್ಲಿದೆ. ಫೆನಿಟಾಯಿನ್ 1938ರಿಂದ. ಎರಡೂ ಹಳೆಯವು, ಎರಡೂ ಅಗ್ಗ. ಫಿನೋಬಾರ್ಬಿಟೋನಿನ ಒಂದು ದಿನದ ಖರ್ಚು ಬಸ್ ಸ್ಟ್ಯಾಂಡಿನ ಒಂದು ಲೋಟ ಟೀ ದುಡ್ಡಿಗಿಂತ ಕಡಿಮೆ. ಯಳಂದೂರಿನಲ್ಲಿ ಡಾ. ಮಣಿಯವರ ತಂಡ ಮನೆಮನೆಯಲ್ಲಿ ಗುರುತಿಸಿದ ರೋಗಿಗಳಿಗೆ ಕೊಟ್ಟದ್ದು ಇವೇ ಎರಡು ಮಾತ್ರೆ. ಹಲವರಿಗೆ ಫಿಟ್ಸ್ ಹತೋಟಿಗೆ ಬಂತು. ಆ ವರದಿ 2001ರಲ್ಲಿ ಲಂಡನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಯಳಂದೂರಿನ ಹೆಸರಿನೊಂದಿಗೇ ಅಚ್ಚಾಯಿತು. ಹಳ್ಳಿಯಲ್ಲಿ, ಕಡಿಮೆ ದುಡ್ಡಿನಲ್ಲಿ, ಈ ಕಾಯಿಲೆಯನ್ನು ಹಿಡಿತಕ್ಕೆ ತರಬಹುದು ಎಂದು ತೋರಿಸಿಕೊಟ್ಟದ್ದು ನಮ್ಮ ಬಿಳಿಗಿರಿರಂಗನ ಬೆಟ್ಟದ ಬುಡದ ತಾಲ್ಲೂಕು. ಈ ಸಂಗತಿ ನಮ್ಮೂರಿನಲ್ಲೇ ಎಷ್ಟು ಜನಕ್ಕೆ ಗೊತ್ತು?

ಸರಿಯಾಗಿ ಪತ್ತೆ ಹಚ್ಚಿ ಔಷಧ ಕೊಟ್ಟರೆ ನೂರಕ್ಕೆ ಎಪ್ಪತ್ತು ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡು ವರ್ಷ ಫಿಟ್ಸ್ ಬಾರದಿದ್ದರೆ ಕೆಲವರಿಗೆ ಮಾತ್ರೆಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸುವ ಯೋಚನೆಯನ್ನೂ ವೈದ್ಯರು ಮಾಡುತ್ತಾರೆ. ಹೊಸ ಮಾತ್ರೆಗಳೂ ಬಂದಿವೆ. ಅವು ತುಸು ದುಬಾರಿ, ಆದರೆ ಕೆಲವರಿಗೆ ಅವೇ ಒಗ್ಗುತ್ತವೆ. ವಾಲ್‌ಪ್ರೋಯೇಟ್ ಎಂಬ ಮಾತ್ರೆ ಗರ್ಭದಲ್ಲಿರುವ ಮಗುವಿಗೆ ತೊಂದರೆ ಮಾಡಬಹುದು. ಆದ್ದರಿಂದ ಹೆಣ್ಣುಮಕ್ಕಳಿಗೆ ಔಷಧ ಆರಿಸುವಾಗ ಬಸಿರಿಗೆ ಮುಂಚೆಯೇ ವೈದ್ಯರ ಹತ್ತಿರ ಮಾತಾಡಬೇಕು. ಅಗ್ಗ ಎಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಒಂದೇ ಮಾತ್ರೆ ಆಗದು. ಹಳೆಯವು, ಹೊಸದಾದ ಲೆವೆಟಿರಸಿಟಮ್ ಸೇರಿ ಮುಖ್ಯವಾದ ಮಾತ್ರೆಗಳೆಲ್ಲ ಕೇಂದ್ರ ಸರ್ಕಾರದ 2022ರ ಅಗತ್ಯ ಔಷಧ ಪಟ್ಟಿಯಲ್ಲಿವೆ. ಜನೌಷಧಿ ಅಂಗಡಿಗಳಲ್ಲಿ ಹಲವು ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತವೆ.

ಹಾಗಾದರೆ ತಾಪತ್ರಯ ಎಲ್ಲಿ?

ಒಬ್ಬ ಗಾರೆ ಕೆಲಸದವನ ಲೆಕ್ಕ ಹಾಕಿ ನೋಡಿ. ದಿನಕ್ಕೆ ಐದು ರೂಪಾಯಿ ಮಾತ್ರೆ ಎಂದಿಟ್ಟುಕೊಳ್ಳೋಣ. ತಿಂಗಳಿಗೆ ನೂರೈವತ್ತು ಆಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಎಂಬ ಉತ್ತರ ಸಿಕ್ಕರೆ ಅವನು ಮೈಸೂರಿಗೆ ಹೋಗಬೇಕು. ಅವತ್ತಿನ ಕೂಲಿ ಆರುನೂರು ಹೋಯಿತು. ದಾರಿಯಲ್ಲಿ ಬಿದ್ದುಬಿಟ್ಟರೆ ಎಂಬ ಭಯಕ್ಕೆ ಜೊತೆಗೆ ಹೆಂಡತಿ ಹೊರಡಬೇಕು. ಅವಳ ಕೂಲಿಯೂ ಹೋಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ಇಲ್ಲ, ಅಷ್ಟು ಪುಣ್ಯ. ಅವನದು, ಊಟದ್ದು, ಆಟೋದ್ದು ಇದ್ದೇ ಇದೆ. ನೂರೈವತ್ತು ರೂಪಾಯಿ ಮಾತ್ರೆ ತರಲು ಸಾವಿರದ ಮೇಲೆ ಖರ್ಚು! ಬೆಂಗಳೂರಿಗೇ ಹೋಗಬೇಕಾದರೆ ಎರಡು ದಿನದ ಮಾತು.

ಇದು ಬರೀ ನಮ್ಮ ಊಹೆಯಲ್ಲ. ಭಾರತದಲ್ಲಿ ಈ ಕಾಯಿಲೆಯಿಂದ ಆಗುವ ಖರ್ಚು ಎಷ್ಟೆಂದು ಲೆಕ್ಕ ಹಾಕಿದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಒಬ್ಬ ರೋಗಿಗೆ ವರ್ಷಕ್ಕೆ 13,755 ರೂಪಾಯಿ. ಆಗಿನ ಕಾಲಕ್ಕೆ ಅದು ದೇಶದ ತಲಾ ಆದಾಯದ ನೂರಕ್ಕೆ 88ರಷ್ಟು! ಅದರಲ್ಲಿ ಚಿಕಿತ್ಸೆಯ ಪಾಲಿಗಿಂತ ಕೆಲಸ ತಪ್ಪಿ, ಸಂಪಾದನೆ ಕೈಬಿಟ್ಟು ಆದ ನಷ್ಟದ ಪಾಲೇ ದೊಡ್ಡದು.

ಅದಕ್ಕೇ ಬಡವ ಏನು ಮಾಡುತ್ತಾನೆ? ‘ಎರಡು ತಿಂಗಳಿಂದ ಬಂದಿಲ್ಲವಲ್ಲ, ಈ ಸಲ ಬಿಟ್ಟರೆ ಏನಾಗುತ್ತೆ’ ಅಂತ ಬಿಡುತ್ತಾನೆ. ಇಲ್ಲವೇ ಎರಡು ಮಾತ್ರೆ ನುಂಗುವ ಕಡೆ ಒಂದು ನುಂಗಿ ಉಳಿಸುತ್ತಾನೆ. ಈ ಕಾಯಿಲೆಯಲ್ಲಿ ಅದಕ್ಕಿಂತ ದುಬಾರಿ ಉಳಿತಾಯ ಇನ್ನೊಂದಿಲ್ಲ. ಮಾತ್ರೆ ದಿಢೀರನೆ ನಿಂತರೆ ಫಿಟ್ಸ್ ಒಂದರ ಮೇಲೊಂದು ಬಂದು ನಿಲ್ಲದೇ ಹೋಗಬಹುದು. ಅದು ಪ್ರಾಣಾಪಾಯ. ಉಳಿದರೂ ತುರ್ತು ಘಟಕದ ಬಿಲ್ಲು ವರ್ಷಗಟ್ಟಲೆ ಮಾತ್ರೆಯ ದುಡ್ಡನ್ನು ಒಂದೇ ರಾತ್ರಿಯಲ್ಲಿ ನುಂಗಿ ಹಾಕುತ್ತದೆ. ಒಲೆಗೆ ಬಿದ್ದವರು, ಬಾವಿಗೆ ಬಿದ್ದವರು, ಸಾರುವೆಯಿಂದ ಬಿದ್ದವರ ಲೆಕ್ಕ ಬೇರೆ.

ಔಷಧದ ಅಂಗಡಿಯವರ ಕಡೆಯ ಮಾತನ್ನೂ ಹೇಳಬೇಕು. ಫಿನೋಬಾರ್ಬಿಟೋನ್ ಅಮಲು ಪದಾರ್ಥಗಳ ಕಾನೂನಿನ ವ್ಯಾಪ್ತಿಗೆ ಬರುವ ಮಾತ್ರೆ. ಚೀಟಿ ನೋಡಬೇಕು, ದಾಖಲೆ ಇಡಬೇಕು. ಲಾಭ ಪುಡಿಗಾಸು, ಲೆಕ್ಕದ ಕಾಟ ಜಾಸ್ತಿ. ಹೀಗಾಗಿ ‘ಅದು ಬರ್ತಿಲ್ಲ ಸ್ವಾಮಿ’ ಎಂದು ಕೈಯಾಡಿಸಿಬಿಡುವುದು ಸುಲಭ. ಆದರೆ ಪ್ರತಿ ತಿಂಗಳೂ ತಪ್ಪದೆ ಬರುವ ಗಿರಾಕಿ ಇವನಲ್ಲದೆ ಇನ್ಯಾರು? ನಾಲ್ಕು ಸ್ಟ್ರಿಪ್ ಅವನ ಹೆಸರಿನಲ್ಲಿ ತೆಗೆದಿಟ್ಟರೆ ಅಂಗಡಿ ಮುಳುಗುವುದಿಲ್ಲ.

ಇನ್ನು ಹರಕೆ, ತಾಯತದ ಮಾತು. ದೇವರಿಗೆ ಕೈ ಮುಗಿಯಬೇಡಿ ಎನ್ನಲು ನಾವ್ಯಾರು? ಮುಡಿ ಕೊಡಿ, ದೀಪ ಹಚ್ಚಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ. ಆದರೆ ‘ಮೂರೇ ತಿಂಗಳಲ್ಲಿ ಗ್ಯಾರಂಟಿ ಗುಣ’ ಎಂದು ಪುಡಿ ಮಾರುವವರ ವಿಚಾರ ಹಾಗಲ್ಲ. ಗಿಡಮೂಲಿಕೆ ಎಂದು ಕೊಟ್ಟ ಪುಡಿಯಲ್ಲಿ ಇದೇ ಫಿನೋಬಾರ್ಬಿಟೋನ್ ಮಾತ್ರೆ ಅರೆದು ಬೆರೆಸಿದ್ದು ನಮ್ಮ ದೇಶದಲ್ಲಿ ಪರೀಕ್ಷೆಯಿಂದ ಪತ್ತೆಯಾಗಿದೆ. ಎರಡು ರೂಪಾಯಿ ಮಾಲಿಗೆ ಇನ್ನೂರು ಕೊಟ್ಟ ಹಾಗಾಯಿತು. ಅಳತೆಯಂತೂ ದೇವರೇ ಬಲ್ಲ.

ಮುಚ್ಚಿಡುವುದರ ಬಡ್ಡಿ

ಖರ್ಚು ಹೆಚ್ಚಿಸುವ ಇನ್ನೊಂದು ಕಾರಣ ನಾಚಿಕೆ. ಪಕ್ಕದ ಮೆಡಿಕಲ್ ಸ್ಟೋರಿನಲ್ಲಿ ಕೊಂಡರೆ ಬೀದಿಗೆಲ್ಲ ಗೊತ್ತಾಗುತ್ತೆ ಎಂದು ಮೂವತ್ತು ಮೈಲಿ ದೂರ ಹೋಗಿ ಮಾತ್ರೆ ತರುವವರಿದ್ದಾರೆ. ಮದುವೆಯಾದ ಹೊಸದರಲ್ಲಿ ಅತ್ತೆಮನೆಯಲ್ಲಿ ಮಾತ್ರೆ ನುಂಗಲು ಹೆದರಿ ಬಿಟ್ಟು, ಎಲ್ಲರ ಎದುರೇ ಬೀಳುವ ಹೆಣ್ಣುಮಕ್ಕಳಿದ್ದಾರೆ. ಮುಚ್ಚಿಟ್ಟದ್ದು ಬಡ್ಡಿ ಸಮೇತ ಹೊರಗೆ ಬರುತ್ತದೆ.

ಜನರನ್ನೇ ದೂರಿ ಫಲವಿಲ್ಲ. ಕಾನೂನೇ ಬಹುಕಾಲ ಹಾಗಿತ್ತು. 1955ರ ಹಿಂದೂ ವಿವಾಹ ಕಾಯ್ದೆಯು 1976ರ ತಿದ್ದುಪಡಿಯ ನಂತರ ಹುಚ್ಚಿನ ಪಕ್ಕದಲ್ಲೇ ಅಪಸ್ಮಾರವನ್ನೂ ಹೆಸರಿಸಿ, ಪದೇ ಪದೇ ಬರುತ್ತಿದ್ದವರ ಮದುವೆಗೆ ಅಡ್ಡಿ ಹಾಕಿತ್ತು. 1999ರಲ್ಲಿ ಪಾರ್ಲಿಮೆಂಟು ತಿದ್ದುಪಡಿ ತಂದು ಆ ಪದವನ್ನೇ ಕಿತ್ತು ಹಾಕಿತು. ಈಗ ಅಪಸ್ಮಾರ ಇದೆ ಎಂಬುದು ಮದುವೆಗೆ ಕಾನೂನಿನ ಅಡ್ಡಿಯಲ್ಲ. ಕಾಯ್ದೆ ಪುಸ್ತಕದಿಂದ ಹೋದದ್ದು ಕಲ್ಯಾಣಮಂಟಪದ ಜಗಲಿಯಿಂದ ಇನ್ನೂ ಹೋಗಿಲ್ಲ.

ಅಂಗಡಿ ಮಾಲೀಕರಲ್ಲಿ ನಮ್ಮ ವಿನಂತಿಯೊಂದಿದೆ. ಕೆಲಸದ ಹುಡುಗನಿಗೆ ಫಿಟ್ಸ್ ಇದೆ ಎಂದು ತಿಳಿದ ದಿನವೇ ಲೆಕ್ಕ ಚುಕ್ತಾ ಮಾಡಿ ಕಳಿಸಬೇಡಿ. ಸಂಬಳ ನಿಂತರೆ ಮಾತ್ರೆ ನಿಲ್ಲುತ್ತದೆ. ಮಾತ್ರೆ ನಿಂತರೆ ಇನ್ನೆಲ್ಲೂ ಕೆಲಸ ಸಿಗುವುದಿಲ್ಲ. ಅವನನ್ನು ಏಣಿ ಹತ್ತಿಸಬೇಡಿ, ಎಣ್ಣೆ ಬಾಣಲೆ ಮುಂದೆ ನಿಲ್ಲಿಸಬೇಡಿ, ವಾಹನ ಕೊಡಬೇಡಿ. ಗಲ್ಲಾದಲ್ಲಿ, ಬಿಲ್ಲಿನಲ್ಲಿ, ತೂಕದ ಹತ್ತಿರ ಕೂರಿಸಿ. ದಸರಾ, ದೀಪಾವಳಿ ಸೀಸನ್ ಎಂದು ರಾತ್ರಿಯೆಲ್ಲ ನಿದ್ದೆಗೆಡಿಸಬೇಡಿ. ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಂಭವ ಹೆಚ್ಚು. ತಿಂಗಳಿಗೊಂದು ದಿನ ಆಸ್ಪತ್ರೆಗೆಂದು ರಜೆ ಕೊಡಿ. ಉಳಿದ ದಿನ ಅವನೂ ಎಲ್ಲರ ಹಾಗೆ ಕೆಲಸಗಾರನೇ.

ಬಸ್ಸಿನಲ್ಲಿ ಬಿದ್ದರೆ

ಬಸ್ಸಿನವರು ಇಷ್ಟು ನೆನಪಿಟ್ಟರೆ ಸಾಕು. ಗಡಿಯಾರ ನೋಡಿಕೊಳ್ಳಿ. ತಲೆಯ ಕೆಳಗೆ ಟವಲ್ಲೋ ಬ್ಯಾಗೋ ಇಡಿ. ಕೊರಳ ಗುಂಡಿ ಬಿಚ್ಚಿ. ಜೊಲ್ಲು ಹೊರಗೆ ಹರಿಯುವ ಹಾಗೆ ಮಗ್ಗುಲಿಗೆ ತಿರುಗಿಸಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ಬೆರಳು ಏನನ್ನೂ ತುರುಕಬೇಡಿ. ಪೂರ್ತಿ ಎಚ್ಚರವಾಗುವವರೆಗೆ ನೀರು ಕುಡಿಸಬೇಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೊಂದು ಬಂದರೆ, ಬಿದ್ದವರು ಬಸುರಿಯಾಗಿದ್ದರೆ, ಪೆಟ್ಟಾಗಿದ್ದರೆ 108ಕ್ಕೆ ಫೋನ್ ಮಾಡಿ. ಬೀಗದ ಕೈ ಜೇಬಿನಲ್ಲೇ ಇರಲಿ.

ಆಗಬೇಕಾದ್ದು ಏನು?

ರಾಜ್ಯ ಸರ್ಕಾರ 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಮೆದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಒಳ್ಳೆಯ ಹೆಜ್ಜೆ. ಆದರೆ ಜಿಲ್ಲಾ ಕೇಂದ್ರದಲ್ಲಿ ಕ್ಲಿನಿಕ್ ಇದ್ದ ಮಾತ್ರಕ್ಕೆ ಬೆಟ್ಟದ ಪೋಡಿಗೆ ಮಾತ್ರೆ ತಲುಪಿದಂತಲ್ಲ. ಆರೋಗ್ಯ ಇಲಾಖೆಯ ಮುಂದೆ ನಾವು ಇಡುವ ಬೇಡಿಕೆಗಳು ದೊಡ್ಡವಲ್ಲ.

ಒಂದು, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ಕು ಮುಖ್ಯ ಮಾತ್ರೆಗಳ ದಾಸ್ತಾನು ಯಾವತ್ತೂ ಸೊನ್ನೆಗೆ ಇಳಿಯಬಾರದು. ರೇಷನ್ ಅಂಗಡಿ ಬೋರ್ಡಿನ ಹಾಗೆ, ಇಂದು ಯಾವ ಮಾತ್ರೆ ಎಷ್ಟಿದೆ ಎಂದು ಹೊರಗೆ ಬರೆದು ಹಾಕಲಿ. ಎರಡು, ಹತೋಟಿಗೆ ಬಂದ ರೋಗಿಗೆ ವಾರದ ಮಾತ್ರೆ ಕೊಟ್ಟು ಅಲೆಸದೆ ಎರಡು ಮೂರು ತಿಂಗಳದ್ದು ಒಟ್ಟಿಗೆ ಕೊಡಲಿ. ಮೂರು, ತಿಂಗಳಿಗೊಮ್ಮೆ ಸಂತೆಯ ದಿನವೇ ತಾಲ್ಲೂಕು ಆಸ್ಪತ್ರೆಯಲ್ಲಿ ಫಿಟ್ಸ್ ಕ್ಲಿನಿಕ್ ನಡೆಯಲಿ. ಸಂತೆಗೆ ಹೇಗೂ ಜನ ಬರುತ್ತಾರೆ. ಕೂಲಿ ಕಳೆಯುವುದಿಲ್ಲ, ನಾಚಿಕೆಯೂ ಇಲ್ಲ. ನಿಮ್ಹಾನ್ಸ್ ವೈದ್ಯರೇ ಗೌರಿಬಿದನೂರಿನಂಥ ಊರುಗಳಿಗೆ ಬಂದು ಕ್ಲಿನಿಕ್ ನಡೆಸಿದ ಉದಾಹರಣೆ ಇರುವಾಗ ಇದು ಆಗದ ಮಾತಲ್ಲ. ನಾಲ್ಕು, ನಡುವೆ ಮಾತ್ರೆ ಬಿಟ್ಟವರು ಯಾರು ಎಂದು ವಿಚಾರಿಸುವ ಕೆಲಸವನ್ನು ಆಶಾ ಕಾರ್ಯಕರ್ತೆಯರಿಗೆ ಒಪ್ಪಿಸಿ, ಅದಕ್ಕೆ ತಕ್ಕ ಗೌರವಧನವನ್ನೂ ಕೊಡಲಿ.

ಇವಕ್ಕೆ ಹೊಸ ಕಟ್ಟಡ ಬೇಡ, ಯಂತ್ರ ಬೇಡ, ಉದ್ಘಾಟನೆಗೆ ಮಂತ್ರಿಗಳೂ ಬೇಡ. ಬೇಕಾದದ್ದು ಇಂಡೆಂಟ್ ಹೊತ್ತಿಗೆ ಸರಿಯಾಗಿ ಕಳಿಸುವ ಒಬ್ಬ ಗುಮಾಸ್ತ, ಬಂದ ಮಾತ್ರೆಯನ್ನು ಲೆಕ್ಕವಿಟ್ಟು ಕೊಡುವ ಒಬ್ಬ ಫಾರ್ಮಸಿಸ್ಟ್, ಇಬ್ಬರನ್ನೂ ಆಗಾಗ ಕೇಳುವ ಒಬ್ಬ ಅಧಿಕಾರಿ. ಇಷ್ಟು ಅಗ್ಗದ ಮಾತ್ರೆ ಬಡವನ ಕೈಗೆ ತಲುಪುವ ಹೊತ್ತಿಗೆ ಇಷ್ಟು ದುಬಾರಿಯಾಗುತ್ತಿರುವುದು ಕಾಯಿಲೆಯ ತಪ್ಪಲ್ಲ, ವ್ಯವಸ್ಥೆಯ ತಪ್ಪು. ಜಿಲ್ಲಾ ಆರೋಗ್ಯಾಧಿಕಾರಿಗಳು ಮುಂದಿನ ಸಂತೆಯೊಳಗೆ ಒಂದೊಂದು ತಾಲ್ಲೂಕಿನ ದಾಸ್ತಾನನ್ನೂ ಖುದ್ದಾಗಿ ಎಣಿಸಿ ನೋಡುವರೇ?